ಮನೋಚಿಕಿತ್ಸೆಯಿಂದ ನಾವು ಏನನ್ನು ನಿರೀಕ್ಷಿಸಬೇಕು?

ಚನ್ನಗಿರಿಯ ಸೀಮೆಯಲ್ಲಿ ಅಡಿಕೆಯ ಸಸಿಯನ್ನು ನೆಟ್ಟ ರೈತನು ಮರುತಿಂಗಳೇ ಗೊನೆಯನ್ನು ಹುಡುಕುವುದಿಲ್ಲ. ಫಸಲಿಗೆ ಕೆಲವು ವರ್ಷ ಕಾಯಬೇಕೆಂಬುದನ್ನು ಅವನು ಬಲ್ಲನು. ಕಾಯುವಾಗ ನೀರು ಗೊಬ್ಬರಗಳನ್ನು ಮರೆಯುವುದೂ ಇಲ್ಲ. ಆದರೆ ಅವನ ಮಗನೇ ನಿದ್ರೆಗೆಟ್ಟು, ಪಾಠದಲ್ಲಿ ಮನಸ್ಸು ನಿಲ್ಲದೆ, ಬದುಕೇ ಬೇಡವೆನ್ನುವ ಖಿನ್ನತೆಗೆ ಸಿಲುಕಿದನೆನ್ನಿ. ವೈದ್ಯರು ಕೊಟ್ಟ ಗುಳಿಗೆಯನ್ನು ಒಂದು ವಾರ ನುಂಗಿ, ‘ಗುಣ ಕಾಣಲಿಲ್ಲ’ ಎಂದು ಬಿಟ್ಟುಬಿಡುವುದುಂಟು. ಇಲ್ಲಿ ತಪ್ಪಿದ್ದು ನಿರೀಕ್ಷೆಯ ಲೆಕ್ಕವೆಂದು ನಮ್ಮ ಅಭಿಪ್ರಾಯ.

ಖಿನ್ನತೆಯ ಔಷಧಗಳ ಗುಣವು ಸಾಮಾನ್ಯವಾಗಿ ೨ರಿಂದ ೪ ವಾರಗಳಲ್ಲಿ ಕಾಣತೊಡಗುತ್ತದೆ. ವಾಕರಿಕೆ, ತಲೆನೋವು ಮೊದಲಾದ ತೊಂದರೆಗಳಾದರೋ ಮೊದಲ ದಿನಗಳಲ್ಲಿಯೇ ತೋರಬಹುದು. ಕಷ್ಟ ಮುಂದಾಗಿ, ಸುಖ ಹಿಂದಾಗಿ ಬರುವ ಈ ಕ್ರಮವನ್ನು ಅರಿಯದವನು ನಡುದಾರಿಯಲ್ಲಿಯೇ ಹಿಂದಿರುಗುತ್ತಾನೆ. ಗುಣ ಕಂಡ ಮೇಲೂ, ರೋಗವು ಮರುಕಳಿಸದಂತೆ, ಆರು ತಿಂಗಳೋ ಅದಕ್ಕೂ ಹೆಚ್ಚು ಕಾಲವೋ ಔಷಧವನ್ನು ಮುಂದುವರಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಕೂಡದು.

ಮಾತಿನ ಚಿಕಿತ್ಸೆಯಲ್ಲಿಯೂ ಹೀಗೆಯೇ. ಚಿಕಿತ್ಸಕನು ವರ ಕೊಡುವವನಲ್ಲ. ನಮ್ಮ ಪರವಾಗಿ ತೀರ್ಮಾನ ಮಾಡುವವನೂ ಅಲ್ಲ. ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಯು ‘ನಾನು ಯಾವುದಕ್ಕೂ ಬಾರದವನು’ ಎಂದರೆ, ಆ ಮಾತಿಗೆ ಆಧಾರವೇನು, ವಿರೋಧವೇನು ಎಂದು ಅವನಿಂದಲೇ ಪರಿಶೀಲನೆ ಮಾಡಿಸುತ್ತಾನೆ. ಮುಂದಿನ ಭೇಟಿಯವರೆಗೆ ಅಭ್ಯಾಸವನ್ನೂ ಕೊಡಬಹುದು. ಇದು ಹಲವು ವಾರಗಳ ಕೆಲಸ. ಅದರಲ್ಲಿ ಅರ್ಧ ನಮ್ಮದೇ. ಕೆಲವರು ಪೂರ್ಣ ಗುಣ ಹೊಂದುತ್ತಾರೆ, ಕೆಲವರಿಗೆ ಭಾರವು ಹೊರುವಷ್ಟಕ್ಕೆ ಇಳಿಯುತ್ತದೆ. ಒಂದು ಕ್ರಮವು ಹಿಡಿಸದಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ ಬೇರೆ ಕ್ರಮವನ್ನು ಕೇಳುವುದು ಅವಿನಯವಲ್ಲ.

ಹೆಚ್ಚಿನದನ್ನು ಬಯಸುವುದು ಹೇಗೆ ತಪ್ಪೋ, ಕಡಿಮೆಗೆ ತೃಪ್ತರಾಗುವುದೂ ಹಾಗೆಯೇ ತಪ್ಪು. ರೋಗ ಯಾವುದು, ಔಷಧ ಯಾವುದು, ಎಷ್ಟು ಕಾಲ ಬೇಕು ಎಂದು ಕೇಳುವ ಅಧಿಕಾರ ರೋಗಿಗುಂಟು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆ ಪಡೆಯುವುದನ್ನೂ, ಅದರ ಗೋಪ್ಯವನ್ನೂ, ಗೌರವದ ನಡವಳಿಕೆಯನ್ನೂ ಹಕ್ಕೆಂದು ಸಾರಿದೆ. ಪ್ರಾಣಾಪಾಯವಿದ್ದಾಗ ಗೋಪ್ಯವು ಸಡಿಲವಾಗಬಹುದು. ಹದಿನೆಂಟು ತುಂಬದವರ ಚಿಕಿತ್ಸೆಯಲ್ಲಿ ಪೋಷಕರಿಗೂ ಪಾತ್ರವಿರುತ್ತದೆ.

ಇನ್ನು ಸಮಾಜದ ಹೊಣೆ. ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಳ್ಳಿಯವನಿಗೆ ‘ತಾಳ್ಮೆಯಿರಲಿ’ ಎಂದು ಬೋಧಿಸುವುದು ಸುಲಭ. ಆದರೆ ಪ್ರತಿ ಭೇಟಿಗೂ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಹೋಗುವುದಾದರೆ ಅವನು ಎಷ್ಟು ಕಾಲ ತಾಳಿಯಾನು? ಹತ್ತಿರದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ನಮ್ಮ ನಾಡೇ ತೋರಿಸಿಕೊಟ್ಟಿದೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು ಪ್ರಯೋಗ ನಡೆಸಿತು. ಅದೇ ಮಾದರಿಯ ಮೇಲೆ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. ದಾವಣಗೆರೆ ಜಿಲ್ಲೆಯ ಗ್ರಾಮೀಣ ರೋಗಿಗಳಿಗಾಗಿ ಲಿವ್ ಲವ್ ಲಾಫ್ ಪ್ರತಿಷ್ಠಾನವು ೨೦೧೬ರಲ್ಲಿ ಕೆಲಸಕ್ಕೆ ತೊಡಗಿತು. ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡಲು ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್‌ನ ೧೪೪೧೬ ಎಂಬ ಉಚಿತ ದೂರವಾಣಿ ಇದೆ. ಇವುಗಳೆಲ್ಲ ಬೆಳೆದು, ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧವು ತಪ್ಪದೆ ದೊರೆಯಬೇಕು.

ರೋಗಿಯು ಕಾಯಲಿ, ಆದರೆ ಕಾಯುವವನ ಕೈಗೆ ನೀರು ದೊರೆಯುವಂತೆ ನಾವು ನೋಡಿಕೊಳ್ಳೋಣ. ಗೆಳೆಯನೊಬ್ಬನು ಗುಳಿಗೆಯನ್ನು ಬಿಸಾಡಹೊರಟರೆ, ವಿದ್ಯಾರ್ಥಿಗಳೇ, ‘ಇನ್ನೆರಡು ವಾರ ತಾಳು, ವೈದ್ಯರಲ್ಲಿಗೆ ನಾನೂ ಬರುತ್ತೇನೆ’ ಎನ್ನಿರಿ. ಅಷ್ಟು ಮಾತು ಒಂದು ಜೀವವನ್ನು ಉಳಿಸಬಲ್ಲದು.