ವಿಮಾನಮಾರ್ಗದ ದೂರವೂ ನಮ್ಮ ಹೆಣ್ಣುಮಕ್ಕಳ ವ್ಯಾಸಂಗವೂ

ಹೆಚ್ಚಿನ ವ್ಯಾಸಂಗಕ್ಕಾಗಿ ಮಗಳು ಪರಸ್ಥಳಕ್ಕೆ ಹೋಗಬೇಕಾದಾಗ ತಾಯ್ತಂದೆಗಳು ಮೊದಲು ಕೇಳುವುದು, “ಅದು ಎಷ್ಟು ದೂರ?” ಎಂದು. ಪ್ರಶ್ನೆಯು ಯುಕ್ತವಾದುದೇ. ಆದರೆ ಅದಕ್ಕೆ ಉತ್ತರವು ಒಂದೇ ಅಲ್ಲವೆಂದು ಓದುಗರಲ್ಲಿ ಅರಿಕೆಮಾಡಲಿಚ್ಛಿಸುತ್ತೇನೆ.

ಬೆಂಗಳೂರು, ದೆಹಲಿಗಳ ವಿಮಾನನಿಲ್ದಾಣಗಳು ಬಹುಮಟ್ಟಿಗೆ ಒಂದೇ ರೇಖಾಂಶದ ಮೇಲಿವೆ. ಅವುಗಳ ಅಕ್ಷಾಂಶಗಳ ಅಂತರವು ಹದಿನೈದು ಡಿಗ್ರಿಗಿಂತ ತುಸು ಹೆಚ್ಚು. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು ೧೧೧ ಕಿಲೋಮೀಟರು ಎಂದು ಬಲ್ಲ ಬಾಲಿಕೆಯು, ವಿಮಾನಮಾರ್ಗವು ಸುಮಾರು ೧,೭೦೦ ಕಿಲೋಮೀಟರೆಂದು ತಾನೇ ಲೆಕ್ಕಹಾಕಬಲ್ಲಳು. ರೈಲುಮಾರ್ಗವಾದರೋ ೨,೩೦೦ಕ್ಕೂ ಹೆಚ್ಚು. ರೈಲಿನಲ್ಲಿ ಸುಮಾರು ಒಂದೂವರೆ ದಿನ. ವಿಮಾನದಲ್ಲಿ ಮೂರು ಗಂಟೆಯೊಳಗೆ.

ಇದಕ್ಕಿಂತಲೂ ವಿಸ್ಮಯಕರವಾದುದು ಕಲ್ಕತ್ತೆಗೂ ಅಗರ್ತಲಕ್ಕೂ ಇರುವ ಅಂತರ. ಆಕಾಶದಲ್ಲಿ ಅದು ೩೦೦ ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು. ೧೯೪೭ರ ದೇಶವಿಭಜನೆಯಿಂದ ನಡುವೆ ಪರದೇಶದ ಗಡಿ ಬಂದಿತು. ನಮ್ಮ ನೆಲದ ಮೇಲೆಯೇ ಹೋಗಬೇಕೆಂದರೆ ಸಿಲಿಗುರಿ, ಗೌಹಾಟಿಗಳನ್ನು ಸುತ್ತಿ ೧,೫೦೦ಕ್ಕೂ ಮೀರಿದ ದಾರಿಯನ್ನು ಸವೆಸಬೇಕು. ಭೂಪಟದಲ್ಲಿ ನೆರೆಯಾಗಿರುವ ಊರು ದಾರಿಯಲ್ಲಿ ದೂರವಾಗಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

೧೯೩೨ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯು, ನೆವಿಲ್ ವಿನ್ಸೆಂಟರ ಕೈಸೇರಿ, ನಮ್ಮ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಹೋಯಿತು. ಈಗ ಮುಂಬಯಿಯಿಂದ ಅಲ್ಲಿಗೆ ಎಲ್ಲಿಯೂ ನಿಲ್ಲದೆ ಸುಮಾರು ಎರಡು ಗಂಟೆಯ ಪ್ರಯಾಣ. ಊರುಗಳು ಕದಲಲಿಲ್ಲ, ಕಾಲವು ಮಾತ್ರ ಕುಗ್ಗಿತು.

ಆದರೂ ಈ ಅಂಕಿಗಳಿಗೆ ಮರುಳಾಗತಕ್ಕದ್ದಲ್ಲ. ಅವು ನಿಲ್ದಾಣದಿಂದ ನಿಲ್ದಾಣಕ್ಕೇ ಹೊರತು ಮನೆಯಿಂದ ಮನೆಗಲ್ಲ. ಬೆಂಗಳೂರಿನ ನಿಲ್ದಾಣವು ೨೦೦೮ರಲ್ಲಿ ದೇವನಹಳ್ಳಿಯ ಬಳಿಗೆ ಹೋದಂದಿನಿಂದ ನಗರದವರೂ ಒಂದು ಗಂಟೆ ಮುಂಚಿತವಾಗಿ ಹೊರಡಬೇಕಾಗಿದೆ. ಹಳ್ಳಿಯ ಹುಡುಗಿಗೆ ಅದಕ್ಕೆ ಮೊದಲು ಒಂದು ರಾತ್ರಿಯ ಬಸ್ಸಿನ ಪ್ರಯಾಣವುಂಟು. ಟಿಕೇಟಿನ ಹಣವಿಲ್ಲದ ಮನೆಗೆ ಮೂರು ಗಂಟೆಯ ದಾರಿಯೂ ಒಂದೂವರೆ ದಿನದ ದಾರಿಯೇ ಸರಿ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಭೂಗೋಳದ ಪಾಠದಲ್ಲಿ ಪ್ರತಿಯೊಬ್ಬ ಬಾಲಿಕೆಯೂ ಗೋಲದ ಮೇಲೆ ದಾರವಿಟ್ಟು ದೂರವನ್ನು ಅಳೆಯಲಿ. ನೆಲದ ದಾರಿ, ಕಾಲ, ವೆಚ್ಚ ಇವುಗಳನ್ನೂ ಅದರ ಪಕ್ಕದಲ್ಲಿ ಬರೆಯಲಿ. ತಾಯ್ತಂದೆಗಳು ಆ ಲೆಕ್ಕವನ್ನು ಮಗಳೊಡನೆ ಕುಳಿತು ನೋಡಲಿ. ಅಲ್ಲಿಯ ವಿದ್ಯೆ ಎಂತಹುದು, ವಸತಿ ಎಂತಹುದು, ಕಷ್ಟಕಾಲಕ್ಕೆ ಒದಗುವವರಾರು ಎಂದು ವಿಚಾರಿಸಿ, ಬಳಿಕ ಒಪ್ಪಲಿ ಅಥವಾ ಬೇಡವೆನ್ನಲಿ. “ದೂರ” ಎಂಬ ಒಂದೇ ಮಾತಿನಿಂದ ಹುಡುಗಿಯ ಓದು ನಿಲ್ಲುವುದು ಮಾತ್ರ ನ್ಯಾಯವಲ್ಲ.

ಪರಸ್ಥಳಗಳಲ್ಲಿ ನೆಲೆಸಿರುವ ಪೂರ್ವವಿದ್ಯಾರ್ಥಿನಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ವಿಳಾಸಗಳನ್ನು ಶಾಲೆಗೆ ಕಳುಹಿಸಿರಿ. ನಿಮ್ಮೂರಿಗೆ ಬರುವ ಕಿರಿಯಳಿಗೆ ಒಬ್ಬ ಅಕ್ಕನಿರುವಳೆಂದು ತಿಳಿದರೆ, ಅವಳ ತಾಯಿಗೆ ಆ ಊರು ಅಷ್ಟೇನೂ ದೂರವೆನಿಸದು.