ಲ್ಯಾವೆಂಡರ್ ತೈಲ: ಸುಗಂಧಕ್ಕೂ ವಯಸ್ಸುಂಟು

ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿ ಲ್ಯಾವೆಂಡರ್ ಹೂಗಳ ಮೂಲಕ ನೀರಿನ ಹಬೆಯನ್ನು ಹಾಯಿಸಿ ಸುಗಂಧತೈಲವನ್ನು ಪಡೆಯುವರು. ಅದರ ಮುಖ್ಯ ಘಟಕಗಳಲ್ಲೊಂದಾದ ಲಿನಲೂಲ್ ಕುದಿಯಬೇಕಾದರೆ ಸುಮಾರು 198 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಬೆಯೊಡನೆ ಬೆರೆತಾಗ 100 ಡಿಗ್ರಿಯೊಳಗೇ ಆವಿಯಾಗಿ ಬರುವುದು. ಗುಳಿಗೆಯ ರೂಪದಲ್ಲಿ ಈ ತೈಲವು ಮನಸ್ಸಿನ ಕಳವಳವನ್ನು ತಗ್ಗಿಸಬಲ್ಲುದೆಂದು ಜರ್ಮನಿಯ ಪ್ರಯೋಗಗಳು ತೋರಿಸಿವೆ.

ಆದರೆ, ಹೂವಿನಿಂದ ಬಂದುದು ನಿರಪಾಯಕರವೆಂಬ ವಾದವನ್ನು ನಾವು ಒಪ್ಪಲಾರೆವು. ಹಬೆಯ ಶಾಖವನ್ನು ತಾಳಿದ ಲಿನಲೂಲ್ ಸೀಸೆಯೊಳಗಿನ ಗಾಳಿಗೆ ಸೋಲುವುದು. ಆಮ್ಲಜನಕದೊಡನೆ ಕೂಡಿ ಹೈಡ್ರೊಪೆರಾಕ್ಸೈಡುಗಳಾಗಿ, ಕೆಲವರ ಚರ್ಮದಲ್ಲಿ ತುರಿಕೆಯನ್ನೂ ದದ್ದುಗಳನ್ನೂ ಎಬ್ಬಿಸುವುದು. ಪರಿಮಳ ಉಳಿದ ಮಾತ್ರಕ್ಕೆ ತೈಲ ಕೆಟ್ಟಿಲ್ಲವೆನ್ನಲಾಗದು. ಆದುದರಿಂದ ಮಾರುವವರು ಪ್ರತಿಯೊಂದು ಸೀಸೆಯ ಮೇಲೂ, ಅದನ್ನು ತೆರೆದ ದಿನಾಂಕವನ್ನು ಬರೆಯಲು ಎಡೆ ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ವಾಚಕರೇ ಅದನ್ನು ಬರೆದು, ಸೀಸೆಯನ್ನು ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯಲ್ಲಿರಿಸಲಿ.