ಮೊದಲು ಸಭೆ, ಆಮೇಲೆ ಸಹಿ

ಸರ್ಕಾರದ ಹಣ ಬರುತ್ತದೆಂದರೆ ನಮ್ಮಲ್ಲಿ ಮೊದಲು ಹುಟ್ಟುವುದು ಯೋಜನೆಯಲ್ಲ, ಅವಸರ. ಇಂಥ ದಿನದೊಳಗೆ ಅರ್ಜಿ ಹೋಗದಿದ್ದರೆ ಹಣ ಪಕ್ಕದ ಊರಿನ ಪಾಲಾಗುತ್ತದೆಂಬ ಬೆದರಿಕೆ ಬೇರೆ. ಆ ಅರ್ಜಿಯನ್ನು ಓದಿದವರಾರು, ಪ್ರಶ್ನಿಸಿದವರಾರು ಎಂದು ಕೇಳಿದವನು ಅಭಿವೃದ್ಧಿಯ ವೈರಿ!

ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವನ್ನೇ ನೋಡೋಣ. 2015ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಯನ್ನು ಸಾರಿ ನಗರಗಳನ್ನು ಸ್ಪರ್ಧೆಗಿಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ತುಮಕೂರು ಗೆದ್ದಿತು. ಐದು ವರ್ಷಗಳ ಕಾಲ ವರ್ಷಕ್ಕೆ ಸರಾಸರಿ 100 ಕೋಟಿ ರೂಪಾಯಿ ಕೇಂದ್ರದ್ದು. ಅಷ್ಟನ್ನೇ ರಾಜ್ಯವೂ ನಗರಾಡಳಿತವೂ ಹೊಂದಿಸಬೇಕು. ಸಂತೋಷವೇ. ಆದರೆ ಅದನ್ನು ಖರ್ಚು ಮಾಡುವ ಅಧಿಕಾರ ಹೋದದ್ದು ಕಂಪನಿ ಕಾಯಿದೆಯಡಿ ಹುಟ್ಟಿದ ಒಂದು ಕಂಪನಿಗೆ. ಯೋಜನೆಯ ಮಟ್ಟಿಗೆ ಪಾಲಿಕೆಯ ಹಕ್ಕು ಬಾಧ್ಯತೆಗಳನ್ನು ಆ ಕಂಪನಿಗೆ ವಹಿಸಿಕೊಡಿರೆಂದು ಮಾರ್ಗಸೂಚಿಯೇ ಉತ್ತೇಜಿಸಿತ್ತು. ಅರ್ಜಿಯೊಡನೆ ಪಾಲಿಕೆಯ ಠರಾವು ಬೇಕಿತ್ತು, ನಿಜ. ಅಂದರೆ ಪ್ರಶ್ನೆ ಕೇಳಬೇಕಾದ ಸಭೆ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಳ್ಳಲು ಸಹಿ ಮಾಡಬೇಕಿತ್ತು! 2025ರ ಮಾರ್ಚ್‌ಗೆ ಆ ಯೋಜನೆ ಮುಗಿಯಿತು. ಈ ಪದ್ಧತಿಯ ಪಾಠ ಮಾತ್ರ ನಮಗೆ ಉಳಿಯಬೇಕು.

ನಗರದ ಮಾತು ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಗೇಕೆ ಎನ್ನಬೇಡಿ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಹೆಸರಿಸಿದ 39 ತಾಲ್ಲೂಕುಗಳಲ್ಲಿ ಶಿರಾ, ಮಧುಗಿರಿ, ಪಾವಗಡ ಮೂರೂ ಇದ್ದವು. ಆ ವರದಿಯನ್ನು ಆಧರಿಸಿ 2007ರಿಂದ ಎಂಟು ವರ್ಷಗಳ ವಿಶೇಷ ಯೋಜನೆಯೂ ನಡೆಯಿತು. ಸಮಿತಿಯ ಶ್ರಮ ದೊಡ್ಡದು. ಆದರೆ ಸೂಚ್ಯಂಕ ತಾಲ್ಲೂಕನ್ನು ತೂಗೀತೇ ಹೊರತು ಯಾವ ಕೆರೆಯಲ್ಲಿ ಹೂಳು ತುಂಬಿದೆ, ಯಾವ ಹಟ್ಟಿಯ ಕೊಳವೆ ಬಾವಿಯಲ್ಲಿ ಫ್ಲೋರೈಡ್ ಇದೆ ಎಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲವರು ಆ ನೀರು ಕುಡಿಯುವವರು. ಅವರ ಬಾಯಿ ಗ್ರಾಮಸಭೆ.

ಕಾನೂನು ಇದನ್ನು ಬಲ್ಲದು. 1992ರ ಸಂವಿಧಾನ ತಿದ್ದುಪಡಿಗಳು ಪಂಚಾಯಿತಿ, ನಗರಸಭೆಗಳ ಯೋಜನೆಗಳನ್ನು ಕೂಡಿಸಿಯೇ ಜಿಲ್ಲಾ ಯೋಜನೆ ಆಗಬೇಕೆಂದವು. ನಮ್ಮ 1993ರ ಕಾಯಿದೆ ವಾರ್ಡ್ ಸಭೆ, ಗ್ರಾಮಸಭೆಗಳಿಗೆ ಸ್ಥಾನ ಕೊಟ್ಟಿತು. ಆದರೆ ಎಷ್ಟೋ ಕಡೆ ಗ್ರಾಮಸಭೆಯೆಂದರೆ ಹಾಜರಿ ಪುಸ್ತಕ, ಒಂದು ಫೋಟೋ, ನಾಲ್ಕು ಚಹಾ. 2021ರಿಂದ 2026ರವರೆಗಿನ ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಗಳಿಗೆಂದು ಮೊದಲೇ ಕಟ್ಟಿಬಿಟ್ಟಿತ್ತು. ಕಟ್ಟದೆ ಬಿಟ್ಟ ಅಲ್ಪವನ್ನಾದರೂ ಊರು ಕೂತು ಚರ್ಚಿಸಬೇಡವೇ?

“ಸದಸ್ಯರಿಗೆ ತಿಳಿವಳಿಕೆ ಸಾಲದು, ಬೇಲಿಯೇ ಎದ್ದು ಹೊಲ ಮೇಯುತ್ತದೆ, ತಜ್ಞರಿಗೇ ಬಿಡಿ” ಎನ್ನುವ ಮಹನೀಯರಿದ್ದಾರೆ. ಬೇಲಿ ಮೇಯುವುದು ಯಾರೂ ನೋಡದಿದ್ದಾಗ. ತಜ್ಞರು ಅಂದಾಜು ಬರೆಯಲಿ. ಸೇತುವೆಯ ಲೆಕ್ಕ ಅವರಿಗೇ ಗೊತ್ತು. ಸೇತುವೆ ಬೇಕೋ ಶಾಲೆಗೆ ಕೋಣೆ ಬೇಕೋ ಎಂಬುದು ಲೆಕ್ಕವಲ್ಲ, ನ್ಯಾಯ. ಕೇರಳದಲ್ಲಿ 1996ರಲ್ಲಿ ಯೋಜನಾ ಹಣದ ಮೂರನೆಯ ಒಂದು ಭಾಗಕ್ಕೂ ಮಿಗಿಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟು, ಜನರ ಸಭೆಗಳಿಂದಲೇ ಯೋಜನೆ ಆರಂಭಿಸಿದರು. ಅದಕ್ಕೂ ಮುಂಚೆ, 1983ರ ಕಾಯಿದೆಯ ಬೆನ್ನಿಗೆ ನಿಂತು ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಕೊಡಿಸಿದವರು ನಮ್ಮ ಅಬ್ದುಲ್ ನಜೀರ್ ಸಾಬರು. ದಾರಿ ನಮಗೆ ಹೊಸತಲ್ಲ.

ಕೇಳುವುದು ಮೂರೇ ಮಾತು. ಅರ್ಜಿಯ ಪ್ರತಿ, ಅಂಕಿ ಅಂಶಗಳೊಡನೆ, ಸರಳ ಕನ್ನಡದಲ್ಲಿ, ಸಭೆಗೆ ಹದಿನೈದು ದಿನ ಮೊದಲೇ ಪಂಚಾಯಿತಿ ಗೋಡೆಯ ಮೇಲಿರಲಿ. ಕಟ್ಟಿದ್ದನ್ನು ಮುಂದೆ ಕಾಪಾಡುವವರು ಯಾರು, ಯಾವ ಹಣದಿಂದ ಎಂಬುದಕ್ಕೆ ಅದರಲ್ಲೇ ಉತ್ತರವಿರಲಿ. ಬೇಡವೆಂದವರ ಕಾರಣವೂ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಇಷ್ಟಾಗದೆ ಯಾವ ಅಧ್ಯಕ್ಷರೂ ಸಹಿ ಹಾಕಬಾರದು.

ಇದರಿಂದ ಒಂದೆರಡು ವಾರ ತಡವಾದೀತು. ಆಗಲಿ. ಹಣ ಕರಗಿದ ಮೇಲೆ ತನಿಖೆಗೆ ಹೊರಡುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಬಾಗಿಲು ಕಾಯುವ ಹೊತ್ತು ಅರ್ಜಿ ಹೋಗುವುದಕ್ಕೆ ಮೊದಲಿನದು, ಕಾಯಬೇಕಾದವರು ಊರಿನವರೇ.